ಬಾಡಿಗೆ ಮನೆಯ ಸಿಂಹಗಳು: ಒಂದೇ ಸೀಸನ್‌ಗೆ ಮುಗಿದ ಹಾಕಿ ತಂಡದ ಪ್ರಕರಣ

ಹಾಕಿ ಆಡುವ ಹುಡುಗರು ಒಪ್ಪಂದದ ಕಾಗದ ಹಿಡಿದು ಬಂದಾಗ ನಾನು ಅವರಿಗೆ ಕರ್ನಾಟಕ ಲಯನ್ಸ್ ಕಥೆ ಹೇಳುತ್ತೇನೆ. ಹೆಚ್ಚಿನವರಿಗೆ ಆ ಹೆಸರೇ ಗೊತ್ತಿರುವುದಿಲ್ಲ. ಅದು ಅವರ ತಪ್ಪಲ್ಲ. ತಂಡ ಆಡಿದ್ದು 2012ರಲ್ಲಿ, ಅದೂ ಒಂದೇ ಸೀಸನ್, ಒಂದು ತಿಂಗಳ ಮೇಲೆ ಕೆಲವು ದಿನ. ಚೆನ್ನಾಗೇ ಆಡಿತು. ಸೆಮಿಫೈನಲ್ ತನಕ ಹೋಯಿತು. ಸೋತು ಸುಣ್ಣವಾಗಿ ಬಾಗಿಲು ಮುಚ್ಚಿದ ತಂಡ ಅಲ್ಲ ಅದು. ಸುಮ್ನೆ ಮುಂದಿನ ಸೀಸನ್ ಬರಲಿಲ್ಲ, ಅಷ್ಟೇ.

ತಂಡದ ಹೆಸರು ಮುಚ್ಚಿಟ್ಟು ಪ್ರಯೋಜನ ಇಲ್ಲ, ಅದು ಎಲ್ಲರೆದುರು ನಡೆದ ಆಟ. ಆದರೆ ಈ ಬರಹದ ನಡುವೆ ಇರುವ ಆಟಗಾರನ ಗುರುತು ಬದಲಿಸಿದ್ದೇನೆ. ಅವರನ್ನು ಪೂವಯ್ಯ ಅಂತ ಕರೆಯೋಣ. ನಿಜ ಹೆಸರು ಬೇರೆ, ಊರು ಬೇರೆ, ಮೈದಾನದಲ್ಲಿ ನಿಲ್ಲುತ್ತಿದ್ದ ಜಾಗವೂ ಬೇರೆ. ಕೊಡಗಿನವರು ಅನ್ನುವುದೊಂದನ್ನು ಉಳಿಸಿಕೊಂಡಿದ್ದೇನೆ. ಅದನ್ನು ಬಿಟ್ಟರೆ ಕಥೆಯೇ ಅರ್ಥವಾಗುವುದಿಲ್ಲ.

ಹಿನ್ನೆಲೆ

2008ರಿಂದ ಶುರು ಮಾಡಬೇಕು. ಆ ವರ್ಷದ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ನಡೆದ ಅರ್ಹತಾ ಟೂರ್ನಿಯ ಫೈನಲ್‌ನಲ್ಲಿ ಭಾರತ ಬ್ರಿಟನ್ ಎದುರು 2-0 ಗೋಲುಗಳಿಂದ ಸೋತಿತು. 1928ರಿಂದ ಒಂದೂ ಒಲಿಂಪಿಕ್ಸ್ ತಪ್ಪಿಸದ ತಂಡಕ್ಕೆ ಬೀಜಿಂಗ್ ಟಿಕೆಟ್ ಸಿಗಲಿಲ್ಲ. ಅದರ ಬೆನ್ನಲ್ಲೇ ಲಂಚದ ಆರೋಪದ ಟಿವಿ ಕುಟುಕು ಕಾರ್ಯಾಚರಣೆ ಬಂತು. ಭಾರತೀಯ ಹಾಕಿ ಫೆಡರೇಷನ್‌ ಅನ್ನು ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತು ಮಾಡಿತು. ಫೆಡರೇಷನ್ 2005ರಿಂದ ನಡೆಸುತ್ತಿದ್ದ ಪ್ರೀಮಿಯರ್ ಹಾಕಿ ಲೀಗ್ ಕೂಡ ನಾಲ್ಕು ಸೀಸನ್ ಆಡಿ ಅಲ್ಲಿಗೇ ನಿಂತಿತು. ಆ ಲೀಗ್‌ನಲ್ಲಿ ಬೆಂಗಳೂರಿನ ಹೆಸರಲ್ಲೂ ತಂಡ ಇತ್ತು. ಆದರೆ ಮೊದಲ ಸೀಸನ್‌ನ ಅಷ್ಟೂ ಪಂದ್ಯ ನಡೆದದ್ದು ಹೈದರಾಬಾದ್‌ನಲ್ಲಿ. ಊರ ಹೆಸರಿನ ತಂಡ ಊರಲ್ಲಿ ಆಡದಿದ್ದರೆ ಊರಿನವರಿಗೆ ಅದು ಟಿವಿ ಕಾರ್ಯಕ್ರಮ ಅಷ್ಟೇ, ಅಲ್ವಾ?

2009ರಲ್ಲಿ ಹಾಕಿ ಇಂಡಿಯಾ ಹುಟ್ಟಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಕೈಹಿಡಿದದ್ದು ಇದನ್ನು. ಆದರೆ ಹಳೇ ಫೆಡರೇಷನ್ ಸುಮ್ಮನಿರಲಿಲ್ಲ. 2010ರಲ್ಲಿ ದೆಹಲಿ ಹೈಕೋರ್ಟ್ ಅದರ ಅಮಾನತು ರದ್ದು ಮಾಡಿತು. ಹಾಗಾಗಿ ದೇಶದಲ್ಲಿ ಹಾಕಿಗೆ ಎರಡು ಮನೆ, ಎರಡು ಯಜಮಾನಿಕೆ. ಜಗಳ ಎಲ್ಲಿಗೆ ಮುಟ್ಟಿತು ಅಂದರೆ, 2011ರ ಡಿಸೆಂಬರ್‌ನಲ್ಲಿ ನವದೆಹಲಿಯಲ್ಲಿ ನಡೆಯಬೇಕಿದ್ದ ಚಾಂಪಿಯನ್ಸ್ ಟ್ರೋಫಿಯನ್ನು ಕಿತ್ತು ನ್ಯೂಜಿಲೆಂಡಿನ ಆಕ್ಲೆಂಡಿಗೆ ಕೊಟ್ಟರು.

ಆಟಗಾರರ ಸ್ಥಿತಿ? 2010ರ ಜನವರಿಯಲ್ಲಿ, ತವರಿನಲ್ಲೇ ವಿಶ್ವಕಪ್ ಇನ್ನೇನು ಶುರುವಾಗಬೇಕು ಅನ್ನುವಾಗ, ಪುಣೆಯ ಕ್ಯಾಂಪ್‌ನಲ್ಲಿ ಭಾರತ ತಂಡದವರು ಬಾಕಿ ದುಡ್ಡು ಕೊಡಿ ಅಂತ ಅಭ್ಯಾಸ ನಿಲ್ಲಿಸಿ ಕೂತಿದ್ದರು. ಅದೇ ಹೊತ್ತಿಗೆ ಕ್ರಿಕೆಟ್‌ನಲ್ಲಿ ಐಪಿಎಲ್ ಎರಡು ಸೀಸನ್ ಮುಗಿಸಿ ಮೂರನೆಯದಕ್ಕೆ ಸಜ್ಜಾಗಿತ್ತು. ರಣಜಿ ಮಟ್ಟದ ಹುಡುಗರೂ ಕಾರು ಕೊಳ್ಳುತ್ತಿದ್ದರು. ಹಾಕಿ ಹುಡುಗರ ಕಣ್ಣಿಗೆ ಇದು ಕಾಣದೇ ಇರುತ್ತಾ?

ಇಂಥ ಹೊತ್ತಲ್ಲಿ ಹಳೇ ಫೆಡರೇಷನ್ ಜೊತೆ ಕೈಜೋಡಿಸಿ ನಿಂಬಸ್ ಅನ್ನುವ ಕಂಪನಿ ವರ್ಲ್ಡ್ ಸೀರೀಸ್ ಹಾಕಿ ಎಂಬ ಲೀಗ್ ಘೋಷಿಸಿತು. ನಿಂಬಸ್ ಅಂದರೆ ಕ್ರೀಡಾ ಪ್ರಸಾರದ ಹಕ್ಕುಗಳ ವ್ಯಾಪಾರ ಮಾಡುತ್ತಿದ್ದ ಕಂಪನಿ. ನಿಯೋ ಸ್ಪೋರ್ಟ್ಸ್ ಚಾನೆಲ್ ಅದರದ್ದೇ ಆಗಿತ್ತು. ಭಾರತದ ಕ್ರಿಕೆಟ್ ಪ್ರಸಾರದ ಹಕ್ಕೂ ಆಗ ಅದರ ಕೈಯಲ್ಲೇ ಇತ್ತು. ಎಂಟು ತಂಡ: ಭೋಪಾಲ್ ಬಾದ್‌ಶಾಸ್, ಚಂಡೀಗಢ ಕಾಮೆಟ್ಸ್, ಚೆನ್ನೈ ಚೀತಾಸ್, ಡೆಲ್ಲಿ ವಿಝರ್ಡ್ಸ್, ಮುಂಬೈ ಮರೀನ್ಸ್, ಪುಣೆ ಸ್ಟ್ರೈಕರ್ಸ್, ಶೇರ್-ಎ-ಪಂಜಾಬ್, ಮತ್ತೆ ನಮ್ಮ ಕರ್ನಾಟಕ ಲಯನ್ಸ್. ಈ ಸಲ ತವರಿನಲ್ಲೂ ಆಡಬೇಕು, ಎದುರಾಳಿಯ ಊರಿಗೂ ಹೋಗಬೇಕು. ಪ್ರತಿ ತಂಡಕ್ಕೆ 14 ಲೀಗ್ ಪಂದ್ಯ, ಒಟ್ಟು 59 ಪಂದ್ಯ.

ಹೊಸ ಮನೆಯ, ಅಂದರೆ ಹಾಕಿ ಇಂಡಿಯಾದ, ಮಾತು ಸ್ಪಷ್ಟವಾಗಿತ್ತು. ಇದು ಮಾನ್ಯತೆ ಇಲ್ಲದ ಟೂರ್ನಿ. ಆಡಿದವರಿಗೆ ಭಾರತ ತಂಡದ ಬಾಗಿಲು ಮುಚ್ಚಬಹುದು.

ಕಾಗದ ಮುಂದೆ ಬಂದಾಗ

ಪೂವಯ್ಯನವರಿಗೆ ಆಗ 27 ವರ್ಷ. ಸರ್ಕಾರಿ ಸಂಸ್ಥೆಯೊಂದರಲ್ಲಿ ಕ್ರೀಡಾ ಕೋಟಾದ ಕೆಲಸ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನದ ಮೇಲೆ ಆಫೀಸ್‌ಗೆ ಹೋಗಿ ಸಹಿ. ಒಂದು ಸಲ ರಾಷ್ಟ್ರೀಯ ಕ್ಯಾಂಪ್‌ಗೆ ಕರೆ ಬಂದಿತ್ತು, ಮುಂದಿನ ಪಟ್ಟಿಯಲ್ಲಿ ಹೆಸರು ಹಾರಿಹೋಗಿತ್ತು. ಹಾಕಿಯಲ್ಲಿ ಈ ಜಾತಿಯ ಆಟಗಾರರೇ ಜಾಸ್ತಿ. ಭಾರತಕ್ಕೆ ಆಡುವಷ್ಟು ಒಳ್ಳೆಯವರು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆಡಿಸುವುದಿಲ್ಲ.

ಒಪ್ಪಂದದ ಕಾಗದ ಬಂದದ್ದು 2011ರ ಮಳೆಗಾಲದಲ್ಲಿ. ಅದರಲ್ಲಿದ್ದ ಮೊತ್ತ ಅವರ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ಎಷ್ಟು ಅಂತ ನಾನು ಬರೆಯುವುದಿಲ್ಲ, ಬರೆದರೆ ಯಾರು ಅಂತ ಗೊತ್ತಾಗಿಬಿಡುತ್ತದೆ.

ಅವರು ಮೂರು ಜನರನ್ನು ಕೇಳಿದರು. ಅಪ್ಪ ಹೇಳಿದ್ದು, "ಕೆಲಸಕ್ಕೆ ತೊಂದರೆ ಆಗದಿದ್ದರೆ ಆಡು." ಜೊತೆಗೆ ಆಡುತ್ತಿದ್ದ ಹಿರಿಯರೊಬ್ಬರು, "ಕ್ಯಾಂಪ್‌ಗೆ ಕಾಯ್ತಾ ಕೂತ್ರೆ ಮೂವತ್ತಾಗುತ್ತೆ ಮಗಾ, ಆಮೇಲೆ ಅವರೂ ಇಲ್ಲ, ಇವರೂ ಇಲ್ಲ" ಅಂದರು. ಆಫೀಸಿನ ಕ್ರೀಡಾಧಿಕಾರಿ ಮಾತ್ರ ಬೇರೆ ರೀತಿ ಮಾತಾಡಿದರು. "ರಜೆ ಅರ್ಜಿಯಲ್ಲಿ ಲೀಗ್ ಹೆಸರು ಬರೀಬೇಡ. ಸ್ವಂತ ಕೆಲಸ ಅಂತ ಬರಿ."

ನನ್ನ ಪ್ರಕಾರ ಇಡೀ ಪ್ರಕರಣದ ಮೊದಲ ತಿರುವು ಆ ಕೊನೆಯ ಮಾತು. ರಜೆ ಅರ್ಜಿಯಲ್ಲಿ ಬರೆಯಲು ಆಗದ ಹೆಸರಿನ ಮೇಲೆ ಒಬ್ಬ ಆಟಗಾರ ತನ್ನ ಆಯುಷ್ಯದ ಒಳ್ಳೆಯ ಒಂದು ವರ್ಷ ಇಡುತ್ತಿದ್ದಾನೆ. ಅದನ್ನು ಅವರು ಗಮನಿಸಲಿಲ್ಲ. ನಾನಿದ್ದರೂ ಗಮನಿಸುತ್ತಿರಲಿಲ್ಲವೇನೋ. ಎಷ್ಟು ಕೊಡುತ್ತೀರಿ, ಯಾವಾಗ ಶುರು, ಹೋಟೆಲ್ ಎಲ್ಲಿ, ಇಷ್ಟನ್ನೇ ಕೇಳಿದರಂತೆ. ಟೂರ್ನಿ ನಡೆಯದಿದ್ದರೆ ಏನು, ಎರಡನೇ ವರ್ಷ ಇಲ್ಲದಿದ್ದರೆ ಏನು, ಭುಜ ಮುರಿದರೆ ಆಸ್ಪತ್ರೆ ಬಿಲ್ ಯಾರದ್ದು, ಇದ್ಯಾವುದನ್ನೂ ಕೇಳಲಿಲ್ಲ. ಸಹಿ ಹಾಕಿದರು.

ಕಾದ ಎರಡು ತಿಂಗಳು

ಲೀಗ್ 2011ರ ಡಿಸೆಂಬರ್‌ನಲ್ಲಿ ಶುರುವಾಗಬೇಕಿತ್ತು. ಫೆಬ್ರವರಿಯಲ್ಲಿ ದೆಹಲಿಯಲ್ಲಿ ಲಂಡನ್ ಒಲಿಂಪಿಕ್ಸ್ ಅರ್ಹತಾ ಟೂರ್ನಿ ಇತ್ತು. ಅದಕ್ಕೆ ಅಡ್ಡಿ ಆಗಬಾರದು ಅಂತ ಲೀಗನ್ನು 2012ರ ಫೆಬ್ರವರಿ 29ಕ್ಕೆ ಮುಂದೂಡಿದರು. ಒಳ್ಳೆಯ ನಿರ್ಧಾರವೇ. ಆದರೆ ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಹಣ ಪಾವತಿ ಸರಿಯಾಗಿ ಆಗಿಲ್ಲ ಅಂತ ಬಿಸಿಸಿಐ ನಿಂಬಸ್ ಜೊತೆಗಿನ ಕ್ರಿಕೆಟ್ ಪ್ರಸಾರದ ಒಪ್ಪಂದ ರದ್ದು ಮಾಡಿತು.

ಪತ್ರಿಕೆಗಳಲ್ಲಿ ಅದು ಕ್ರಿಕೆಟ್ ಸುದ್ದಿಯಾಗಿ ಬಂತು. ಹಾಕಿಯವರು ಅದನ್ನು ಕ್ರಿಕೆಟ್ ಸುದ್ದಿಯಾಗೇ ಓದಿದರು. ಪೂವಯ್ಯನವರೂ ಓದಿದ್ದರಂತೆ, ಎರಡು ನಿಮಿಷ ಕೂಡ ತಲೆಗೆ ಹಚ್ಚಿಕೊಳ್ಳಲಿಲ್ಲ. ಲೀಗ್ ಕಟ್ಟುತ್ತಿರುವ ಕಂಪನಿಯ ದೊಡ್ಡ ಆದಾಯದ ನಲ್ಲಿ ಬಂದ್ ಆಗಿದೆ, ಆ ನೀರಿನಿಂದಲೇ ನಮ್ಮ ಗದ್ದೆಗೂ ಬರಬೇಕಿತ್ತು ಅನ್ನುವ ಲೆಕ್ಕವನ್ನು ಯಾರೂ ಹಾಕಲಿಲ್ಲ. ಅಥವಾ ಹಾಕಿದವರು ಬಾಯಿ ಬಿಡಲಿಲ್ಲ.

ಇದು ಎರಡನೇ ತಿರುವು. ಈಗ ನಾನು ಕಾಗದ ತಂದ ಹುಡುಗರಿಗೆ ಮೊದಲು ಕೇಳುವುದು ಇದನ್ನೇ. ತಂಡದ ಮಾಲೀಕರು ಯಾರು ಅಂತ ಅಲ್ಲ. ಲೀಗ್‌ಗೆ ದುಡ್ಡು ಎಲ್ಲಿಂದ ಬರುತ್ತದೆ, ಆ ಮೂಲದ ಆರೋಗ್ಯ ಹೇಗಿದೆ ಅಂತ. ಟೈರ್ ಕಂಪನಿ ಬ್ರಿಜ್‌ಸ್ಟೋನ್ ಲೀಗ್‌ನ ಶೀರ್ಷಿಕೆ ಪ್ರಾಯೋಜಕರಾಗಿ ಬಂದಿತ್ತು, ನಿಜ. ಆದರೆ ಒಬ್ಬ ಪ್ರಾಯೋಜಕರಿಂದ ಎಂಟು ತಂಡ, 59 ಪಂದ್ಯ, ಎಂಟು ಊರಿನ ವಿಮಾನ, ಹೋಟೆಲ್ಲು, ನೇರಪ್ರಸಾರ ಇವೆಲ್ಲ ನಡೆಯುವುದಿಲ್ಲ.

ಮೂರು ದಿನದ ಅಂತರ

ಫೆಬ್ರವರಿ 26ರಂದು ದೆಹಲಿಯಲ್ಲಿ ಅರ್ಹತಾ ಟೂರ್ನಿಯ ಫೈನಲ್. ಭಾರತ ಫ್ರಾನ್ಸನ್ನು 8-1ರಿಂದ ಹೊಡೆದುಹಾಕಿತು. ಸಂದೀಪ್ ಸಿಂಗ್ ಒಬ್ಬರೇ ಐದು ಗೋಲು. ದೇಶಕ್ಕೆ ಲಂಡನ್ ಟಿಕೆಟ್ ಸಿಕ್ಕಿತು. ಸರಿಯಾಗಿ ಮೂರು ದಿನಕ್ಕೆ ಭೋಪಾಲದ ಐಶ್‌ಬಾಗ್ ಸ್ಟೇಡಿಯಂನಲ್ಲಿ ವರ್ಲ್ಡ್ ಸೀರೀಸ್ ಹಾಕಿ ಶುರು.

ಆ ಮೂರು ದಿನದಲ್ಲಿ ಎಷ್ಟು ಫೋನ್ ಓಡಾಡಿರಬೇಕು! ಲೀಗ್‌ಗೆ ಸಹಿ ಹಾಕಿದ್ದ ಭಾರತ ತಂಡದ ಕೆಲವರು ಕ್ಯಾಂಪ್ ಆರಿಸಿಕೊಂಡರು. ಅವರನ್ನು ತಪ್ಪು ಅನ್ನುವ ಹಾಗಿಲ್ಲ. ಒಲಿಂಪಿಕ್ಸ್ ಎದುರಿಗೆ ಕಾಣುತ್ತಿರುವಾಗ ಯಾರು ಬಿಡುತ್ತಾರೆ? ಆದರೆ ಲೀಗ್‌ಗೆ ಅದು ಪೆಟ್ಟು. ನಿನ್ನೆ ಟಿವಿಯಲ್ಲಿ ಹೀರೋ ಆದವರು ಇವತ್ತು ಲೀಗ್‌ನಲ್ಲಿ ಇದ್ದಿದ್ದರೆ ಸ್ಟೇಡಿಯಂ ತುಂಬುವ ಕಥೆಯೇ ಬೇರೆ ಇರುತ್ತಿತ್ತು.

ಪೂವಯ್ಯನವರಿಗೆ ಆ ಇಕ್ಕಟ್ಟು ಇರಲಿಲ್ಲ. ಅವರನ್ನು ಯಾರೂ ಕ್ಯಾಂಪ್‌ಗೆ ಕರೆದಿರಲಿಲ್ಲ. "ಕರೆದಿದ್ದರೆ ಏನು ಮಾಡ್ತಿದ್ರಿ?" ಅಂತ ಕೇಳಿದೆ. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಕರೀಲಿಲ್ವಲ್ಲ ಸರ್" ಅಂದರು.

ಆಟ

ಲಯನ್ಸ್ ಆಟದ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ನಾಯಕ, 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದವರು. ಕೋಚ್ ಜೂಡ್ ಫೆಲಿಕ್ಸ್, ಭಾರತದ ಮಾಜಿ ನಾಯಕ, ಬೆಂಗಳೂರಿನವರು. ಪೆನಾಲ್ಟಿ ಕಾರ್ನರ್ ಸಿಕ್ಕರೆ ಡ್ರ್ಯಾಗ್ ಫ್ಲಿಕ್‌ಗೆ, ಅಂದರೆ ಚೆಂಡನ್ನು ಕೋಲಿನಿಂದ ಎಳೆದು ಗೋಲಿಗೆ ಎಸೆಯುವ ಹೊಡೆತಕ್ಕೆ, ಲೆನ್ ಅಯ್ಯಪ್ಪ. ಅಂದರೆ ತಂಡದ ಬೆನ್ನುಮೂಳೆ ಇಲ್ಲಿಯದೇ. ಬೇರೆ ಎಷ್ಟೋ ಫ್ರಾಂಚೈಸಿಗಳಲ್ಲಿ ಊರ ಹೆಸರಿಗೂ ಆಟಗಾರರಿಗೂ ಸಂಬಂಧ ಇರುವುದಿಲ್ಲ. ಇಲ್ಲಿ ಇತ್ತು. ಈ ಪ್ರಕರಣದಲ್ಲಿ ಸರಿಯಾಗಿ ಮಾಡಿದ ಕೆಲಸ ಯಾವುದು ಅಂತ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಎರಡನೆಯದು ತವರಿನ ಪಂದ್ಯಗಳು. ಏಳು ಪಂದ್ಯ ಬೆಂಗಳೂರಿನಲ್ಲಿ, ಅಕ್ಕಿತಿಮ್ಮನಹಳ್ಳಿಯ ಹಾಕಿ ಸ್ಟೇಡಿಯಂನಲ್ಲಿ.

ಅಂಥ ಒಂದು ಸಂಜೆಯನ್ನು ಪೂವಯ್ಯ ಬಿಡಿಸಿ ಹೇಳಿದ್ದಾರೆ. ಪಂದ್ಯಕ್ಕೆ ಮುಂಚೆ ಟರ್ಫ್‌ಗೆ ನೀರು ಹಾರಿಸುತ್ತಾರಲ್ಲ, ಆ ದೊಡ್ಡ ಸ್ಪ್ರಿಂಕ್ಲರ್ ತಿರುಗುತ್ತಾ ಬಂದು ಬದಿಯ ಸ್ಟ್ಯಾಂಡಿನ ಮೊದಲ ಸಾಲಿಗೂ ಒಂದಿಷ್ಟು ಹನಿ ಎರಚಿತು. ಮಕ್ಕಳು ಕಿರುಚಿದರು. ಅವರ ನಡುವೆ ಒಬ್ಬರು ಕೊಡೆ ಬಿಚ್ಚಿದರು. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ, ಮೋಡದ ಒಂದು ಚೂರೂ ಇಲ್ಲದ ಸಂಜೆ, ಕೊಡೆ. ಯಾರಪ್ಪಾ ಇದು ಅಂತ ನೋಡಿದರೆ ಅವರ ಅಪ್ಪನೇ! ಬೆಳಿಗ್ಗೆ ಕೊಡಗಿನಿಂದ ಕೆಎಸ್ಆರ್‌ಟಿಸಿ ಬಸ್ ಹತ್ತಿ ಬಂದಿದ್ದರು. ಕೊಡೆ ಇಲ್ಲದೆ ಮನೆ ಬಿಡುವ ಅಭ್ಯಾಸ ಇಲ್ಲ. ಮಗ ಫ್ಲಡ್‌ಲೈಟ್ ಕೆಳಗೆ ಆಡುವುದನ್ನು ಅವರು ಅದಕ್ಕೂ ಮುಂಚೆ ನೋಡಿರಲಿಲ್ಲ. ಅವತ್ತು ಪೂವಯ್ಯ ಆಡಿದ್ದು ಒಟ್ಟು ಹನ್ನೆರಡೋ ಹದಿಮೂರೋ ನಿಮಿಷ.

"ಅಪ್ಪ ಏನಂದ್ರು?"

"ನೀನು ಜಾಸ್ತಿ ಹೊತ್ತು ಕೂತೇ ಇದ್ದೆಯಲ್ಲ ಅಂದ್ರು."

ಆ ಲೀಗ್‌ನಲ್ಲಿ ಭಾರತದ ಮಾಜಿ ನಾಯಕ ಧನರಾಜ್ ಪಿಳ್ಳೈ ಇದ್ದರು, 43ನೇ ವಯಸ್ಸಿನಲ್ಲಿ! ಚಿಕ್ಕಂದಿನಲ್ಲಿ ಪೋಸ್ಟರ್ ಅಂಟಿಸಿಕೊಂಡಿದ್ದ ಮನುಷ್ಯ ಇಪ್ಪತ್ತು ಅಡಿ ದೂರದಲ್ಲಿ ಕಾಲಿನ ಸ್ನಾಯು ಎಳೆದುಕೊಳ್ಳುತ್ತಾ ನಿಂತಿದ್ದನ್ನು ನೋಡಿದ್ದೇ ತನಗೆ ಲೀಗ್ ಕೊಟ್ಟ ದೊಡ್ಡ ಉಡುಗೊರೆ ಅನ್ನುತ್ತಾರೆ ಪೂವಯ್ಯ. ಪಂದ್ಯಗಳನ್ನು ನಾಲ್ಕು ಕ್ವಾರ್ಟರ್ ಆಗಿ ಆಡಿಸುತ್ತಿದ್ದರು. ಟಿವಿ ಜಾಹೀರಾತಿಗಾಗಿ ಆಟ ತುಂಡು ಮಾಡಿದರು ಅಂತ ಹಳಬರು ಗೊಣಗಿದ್ದೇ ಗೊಣಗಿದ್ದು. ತಮಾಷೆ ಏನೆಂದರೆ, 2014ರಿಂದ ಅಂತರರಾಷ್ಟ್ರೀಯ ಹಾಕಿಯೇ ನಾಲ್ಕು ಕ್ವಾರ್ಟರ್‌ಗೆ ಬಂತು. ಮಾನ್ಯತೆ ಇಲ್ಲದ ಲೀಗ್‌ನ ಐಡಿಯಾ ಮಾತ್ರ ಮಾನ್ಯ!

ಲಯನ್ಸ್ ಕೊನೆಯ ನಾಲ್ಕರಲ್ಲಿ ಬಂತು. ಸೆಮಿಫೈನಲ್‌ನಲ್ಲಿ ಶೇರ್-ಎ-ಪಂಜಾಬ್ ಎದುರು ಸೋತಿತು. ಫೈನಲ್‌ನಲ್ಲಿ ಪಂಜಾಬ್‌ನವರು ಪುಣೆಯನ್ನು 5-2ರಿಂದ ಸೋಲಿಸಿ ಕಪ್ ಎತ್ತಿದರು. ಏಪ್ರಿಲ್ ಮೊದಲ ವಾರ ಎಲ್ಲರೂ ಮನೆಗೆ.

ಆಮೇಲೆ

ಇಲ್ಲಿಂದ ಮುಂದೆ ಹೇಳಲು ಘಟನೆಗಳೇ ಇಲ್ಲ. ಪ್ರಕರಣದ ತಿರುಳೂ ಅದೇ.

ವರ್ಷದ ಕೊನೆಯಲ್ಲಿ ಎರಡನೇ ಸೀಸನ್ ಅಂತ ಮಾತಿತ್ತು. ಅದು ಮುಂದೆ ಹೋಯಿತು. ಮತ್ತೆ ಬರಲೇ ಇಲ್ಲ. ದುಡ್ಡು ಪೂರ್ತಿ ಬಂದಿಲ್ಲ ಅಂತ ಲೀಗ್‌ನ ಆಟಗಾರರು ದೂರುತ್ತಿರುವ ಸುದ್ದಿಗಳು ಆ ವರ್ಷವೇ ಪತ್ರಿಕೆಗಳಲ್ಲಿ ಬಂದವು. ಪೂವಯ್ಯನವರ ಲೆಕ್ಕ ಏನಾಯಿತು ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ ಅಂತ ಅವರೇ ಹೇಳಿದ್ದಾರೆ.

ಅವರು ಹೇಳಿದ್ದು ಬೇರೆ. ಸೀಸನ್ ಮುಗಿದ ಮೇಲೆ ಮೊಣಕಾಲು ನೋವು ಜಾಸ್ತಿಯಾಯಿತು. ಯಾರಿಗೆ ಹೇಳುವುದು? ತಂಡದ ಫಿಸಿಯೋ ಬೇರೆ ಕೆಲಸಕ್ಕೆ ಹೋಗಿದ್ದರು. ಮ್ಯಾನೇಜರ್ ನಂಬರ್ ಮೊದಲು ರಿಂಗ್ ಆಗುತ್ತಿತ್ತು, ಆಮೇಲೆ ಸ್ವಿಚ್ ಆಫ್, ಕೊನೆಗೆ ಆ ನಂಬರ್ ಬೇರೆ ಯಾರದ್ದೋ ಆಗಿತ್ತು. "ತಂಡಕ್ಕೆ ಒಂದು ಬಾಗಿಲು ಅಂತ ಇದ್ದಿದ್ರೆ ಹೋಗಿ ತಟ್ಟಬಹುದಿತ್ತು ಸರ್. ಬಾಗಿಲೇ ಇರ್ಲಿಲ್ಲ." ಕೊನೆಗೆ ಮೊಣಕಾಲು ತೋರಿಸಿದ್ದು ಆಫೀಸಿನ ಮೆಡಿಕಲ್ ಕಾರ್ಡಿನಲ್ಲಿ. ಯಾವ ಆಫೀಸಿಗೆ ಸುಳ್ಳು ರಜೆ ಅರ್ಜಿ ಕೊಟ್ಟಿದ್ದರೋ ಅದೇ ಆಫೀಸ್.

ಬಾಗಿಲೇ ಇರಲಿಲ್ಲ ಅನ್ನುವ ಮಾತನ್ನು ಆಮೇಲೆ ನಾನು ತುಂಬ ಸಲ ಯೋಚಿಸಿದ್ದೇನೆ. ಲಯನ್ಸ್‌ಗೆ ತನ್ನದು ಅಂತ ಏನಿತ್ತು? ಮೈದಾನ ಹಾಕಿ ಸಂಸ್ಥೆಯದು, ಪಂದ್ಯದ ದಿನಕ್ಕೆ ತೆಗೆದುಕೊಂಡದ್ದು. ಆಟಗಾರರು ಏರ್ ಇಂಡಿಯಾ, ತೈಲ ಕಂಪನಿಗಳು, ರೈಲ್ವೆ, ಸೇನೆ, ಬ್ಯಾಂಕ್ ಇಂಥ ಕಡೆ ಸಂಬಳಕ್ಕಿದ್ದವರು, ಒಂದು ತಿಂಗಳಿಗೆ ಸಿಕ್ಕವರು. ಟಿವಿ ಲೀಗ್‌ನವರದ್ದು. ಪ್ರೇಕ್ಷಕರೂ ಹೆಚ್ಚುಕಡಿಮೆ ಹಳೇ ಹಾಕಿ ಪ್ರೇಮಿಗಳೇ, ಮೊದಲೇ ಇದ್ದವರು. ಒಂದು ತಿಂಗಳ ತಂಡಕ್ಕೆ ಕಿರಿಯರ ತಂಡ ಕಟ್ಟಲು, ಶಾಲೆಗಳಿಗೆ ಹೋಗಲು, ಕೊಡಗಿನಲ್ಲೋ ಹುಬ್ಬಳ್ಳಿಯಲ್ಲೋ ಒಂದು ಬೇರು ಇಳಿಸಲು ಹೊತ್ತೇ ಇರಲಿಲ್ಲ. ಎಲ್ಲವೂ ಬಾಡಿಗೆ. ಸಿಂಹದ ಚಿತ್ರ ಇದ್ದ ಜೆರ್ಸಿ ಒಂದನ್ನು ಬಿಟ್ಟು.

ರಾಜಕೀಯ ಕೊಂದಿತಾ?

ಹಾಕಿ ವಲಯದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಎರಡು ಸಂಸ್ಥೆಗಳ ಜಗಳದಲ್ಲಿ ತಂಡ ಸತ್ತಿತು ಅಂತ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಈಗ ಅದು ಅರ್ಧ ಸತ್ಯ ಅನ್ನಿಸುತ್ತದೆ.

ಯಾಕೆ ಅಂದರೆ, ಮಾನ್ಯತೆ ಇದ್ದ ಕಡೆ ಏನಾಯಿತು ನೋಡಿ. 2013ರ ಜನವರಿ 14ಕ್ಕೆ ಹಾಕಿ ಇಂಡಿಯಾ ಲೀಗ್ ಶುರುವಾಯಿತು. ಅಂತರರಾಷ್ಟ್ರೀಯ ಸಂಸ್ಥೆಯ ಆಶೀರ್ವಾದ, ಜಗತ್ತಿನ ದೊಡ್ಡ ದೊಡ್ಡ ಆಟಗಾರರು, ಐದು ತಂಡ. ಮೊದಲ ಚಾಂಪಿಯನ್ ರಾಂಚಿ ರೈನೋಸ್. ಜರ್ಮನಿಯ ಮೋರಿಟ್ಸ್ ಫುರ್ಸ್ಟೆ ನಾಯಕ. ಫೈನಲ್ ರಾಂಚಿಯಲ್ಲೇ, ಡೆಲ್ಲಿ ವೇವ್‌ರೈಡರ್ಸ್ ಎದುರು 2-1 ಗೆಲುವು. ಹಾಕಿಯನ್ನು ಉಸಿರಾಡುವ ಊರು ಅದು, ಜಾರ್ಖಂಡ್‌ನ ಸಿಮ್ಡೆಗಾ, ಖುಂಟಿ ಜಿಲ್ಲೆಗಳ ಹುಡುಗರ ರಾಜಧಾನಿ. ಇದಕ್ಕಿಂತ ಒಳ್ಳೆಯ ಶುರು ಯಾವ ತಂಡಕ್ಕೆ ಸಿಗುತ್ತದೆ? ಆದರೆ 2015ರ ಸೀಸನ್ ಹೊತ್ತಿಗೆ ರೈನೋಸ್ ಇಲ್ಲ. ಹಾಕಿ ಇಂಡಿಯಾ ಜೊತೆ ಮನಸ್ತಾಪ ಆಗಿ ತಂಡ ಹೋಯಿತು. ಅದೇ ಊರಲ್ಲಿ ರಾಂಚಿ ರೇಸ್ ಅಂತ ಹೊಸ ತಂಡ ಬಂತು, ಮಹೇಂದ್ರ ಸಿಂಗ್ ಧೋನಿ ಅದರ ಸಹ ಮಾಲೀಕ. ಮುಂಬೈ ಮೆಜಿಷಿಯನ್ಸ್ ಕೂಡ ಎರಡು ಸೀಸನ್‌ಗೆ ಮಾಯ. ಕೊನೆಗೆ 2017ರ ಸೀಸನ್ ಆದ ಮೇಲೆ ಲೀಗೇ ನಿಂತಿತು. ಮತ್ತೆ ಶುರುವಾದದ್ದು 2024ರ ಡಿಸೆಂಬರ್ ಕೊನೆಗೆ.

ಹಾಗಾದರೆ ಮಾನ್ಯತೆ ಇಲ್ಲದ ತಂಡ ಒಂದು ವರ್ಷಕ್ಕೆ ಹೋಯಿತು, ಮಾನ್ಯತೆ ಇದ್ದ ಚಾಂಪಿಯನ್ ತಂಡ ಎರಡು ವರ್ಷಕ್ಕೆ ಹೋಯಿತು. ಒಂದು ವರ್ಷದ ವ್ಯತ್ಯಾಸ! ಜಗಳ ಲಯನ್ಸನ್ನು ಬೇಗ ಕೊಂದಿರಬಹುದು. ಆದರೆ ಬದುಕಿಸುವ ವ್ಯವಸ್ಥೆ ಯಾವ ಕಡೆಯೂ ಇರಲಿಲ್ಲ. ಬಾಡಿಗೆ ಮನೆಯಲ್ಲಿ ಓನರ್ ಒಳ್ಳೆಯವರಾದರೆ ಎರಡು ವರ್ಷ ಜಾಸ್ತಿ ಇರುತ್ತೀರಿ. ಮನೆ ನಿಮ್ಮದಾಗುವುದಿಲ್ಲ.

ಕ್ಯಾಂಪ್ ಆರಿಸಿಕೊಂಡವರ ಕಥೆಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಪೂವಯ್ಯನವರು ಒಬ್ಬರೇ ಎಡವಿದಂತೆ ಕಾಣುತ್ತದೆ. ಲಂಡನ್‌ನಲ್ಲಿ ಭಾರತ ಆರಕ್ಕೆ ಆರೂ ಪಂದ್ಯ ಸೋತಿತು. 12 ತಂಡಗಳಲ್ಲಿ 12ನೇ ಸ್ಥಾನ. ಆ ತಂಡದಲ್ಲಿ ನಮ್ಮ ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ ಇದ್ದರು. ಒಳ್ಳೆಯ ಆಟಗಾರರು ಎರಡು ಮನೆಗೆ ಹಂಚಿಹೋದ ವರ್ಷ ಅದು.

ಒಕ್ಕದ ಲೆಕ್ಕ

ಈಗ ಕೊಡಗಿಗೆ ಬರೋಣ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಟೂರ್ನಿ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬ. ಆಮೇಲೆ ಪ್ರತಿ ವರ್ಷ ಒಂದೊಂದು ಒಕ್ಕ, ಅಂದರೆ ಒಂದೊಂದು ಮನೆತನ, ಟೂರ್ನಿ ನಡೆಸುವ ಹೊಣೆ ಹೊರುತ್ತದೆ. ಕಪ್‌ಗೆ ಆ ಒಕ್ಕದ ಹೆಸರು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದ ಟೂರ್ನಿಯಲ್ಲಿ 360 ತಂಡ ಆಡಿ ಗಿನ್ನಿಸ್ ದಾಖಲೆ ಆಯಿತು. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ, ಮದುವೆಯಾದ ಹೆಣ್ಣುಮಕ್ಕಳೂ ಕೋಲು ಹಿಡಿದು.

ಇದು ವೃತ್ತಿಪರ ಲೀಗ್ ಅಲ್ಲ, ಆಟಗಾರರಿಗೆ ಸಂಬಳ ಇಲ್ಲ, ಹೋಲಿಕೆ ಸರಿಯಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಪೂರ್ತಿ ಸರಿಯಲ್ಲ. ಆದರೆ ಒಂದು ಕಡೆ ನೋಡಿ. ಟೂರ್ನಿಗೆ ಇಡೀ ವರ್ಷಕ್ಕೆ ಯಾರು ಜವಾಬ್ದಾರಿ ಅಂತ ಎಲ್ಲರಿಗೂ ಗೊತ್ತು. ಐನ್‌ಮನೆ, ಅಂದರೆ ಆ ಒಕ್ಕದ ಮೂಲಮನೆ, ಎಲ್ಲಿದೆ ಅಂತ ಗೊತ್ತು. ಏನಾದರೂ ಎಡವಟ್ಟಾದರೆ ಮುಂದಿನ ಹತ್ತು ಮದುವೆಗಳಲ್ಲಿ ಆ ಒಕ್ಕದವರು ಮಾತು ಕೇಳಬೇಕು. ಇದಕ್ಕಿಂತ ಗಟ್ಟಿ ಒಪ್ಪಂದ ಯಾವ ವಕೀಲರೂ ಬರೆಯಲಾರರು. ಪೂವಯ್ಯ ಹೇಳಿದ ಬಾಗಿಲು ಇಲ್ಲಿದೆ.

ಕೋಚ್ ಜೂಡ್ ಫೆಲಿಕ್ಸ್ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿಯಲ್ಲಿ ಬಡ ಮಕ್ಕಳಿಗೆ ಹಾಕಿ ಕಲಿಸಿಕೊಂಡು ಬಂದವರು. ಅದು ಯಾವ ಲೀಗನ್ನೂ ನೆಚ್ಚಿಕೊಂಡು ಕೂತ ಕೆಲಸ ಅಲ್ಲ. ನಾಯಕ, ಕೋಚ್, ಫ್ಲಿಕ್ಕರ್, ಎಲ್ಲರೂ ತಂಡಕ್ಕಿಂತ ಮೊದಲೂ ಇದ್ದರು, ಆಮೇಲೂ ಇದ್ದರು. ನಡುವೆ ಬಂದು ಹೋದದ್ದು ತಂಡ.

ಕಾಗದ ತಂದ ಹುಡುಗರಿಗೆ

ಸಹಿ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಪೂವಯ್ಯನವರೂ ಹೇಳುವುದಿಲ್ಲ. ಅವರಿಗೆ ಆ ತಿಂಗಳ ಬಗ್ಗೆ ಪಶ್ಚಾತ್ತಾಪ ಇಲ್ಲ. ತಮ್ಮ ರಾಜ್ಯದ ಹೆಸರು ಬೆನ್ನ ಮೇಲೆ ಬರೆದುಕೊಂಡು, ಅಪ್ಪನ ಎದುರು, ದೀಪದ ಕೆಳಗೆ ಆಡಿದ್ದು ಅದೊಂದೇ ಸಲ. ಅವರ ತಪ್ಪು ಸಹಿ ಹಾಕಿದ್ದಲ್ಲ, ಅದನ್ನು ಹತ್ತು ವರ್ಷದ ಮನೆ ಅಂತ ತಿಳಿದದ್ದು. ಒಂದು ತಿಂಗಳ ಗುತ್ತಿಗೆ ಕೆಲಸ ಅಂತ ತಿಳಿದು ಹೋಗಿದ್ದರೆ ಮುಂಗಡ ಎಷ್ಟು, ಗಾಯವಾದರೆ ಯಾರು ಅಂತ ಮೊದಲೇ ಬರೆಸಿಕೊಳ್ಳುತ್ತಿದ್ದರು. ಗುತ್ತಿಗೆಗೆ ಹೋಗುವ ಮೇಸ್ತ್ರಿಗೆ ಇರುವ ಎಚ್ಚರ ನಮ್ಮ ಆಟಗಾರರಿಗೆ ಇರುವುದಿಲ್ಲ. ಆಟ ಅಂದಕೂಡಲೇ ಮನಸ್ಸು ಮೆತ್ತಗಾಗುತ್ತದೆ.

ಸರಿಯಾಗಿ ಮಾಡಿದ್ದು ಒಂದು: ಅವರು ಕೆಲಸ ಬಿಡಲಿಲ್ಲ. ಬಿಡು ಅಂತ ಹೇಳಿದ ಗೆಳೆಯರೂ ಇದ್ದರಂತೆ.

ತಂಡ ಕಟ್ಟುವವರ ಕಡೆಯಿಂದ ನೋಡಿದರೆ ಪಾಠ ಬೇರೆ. 2024ರಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಬಂದಾಗ ಪುರುಷರಲ್ಲಿ ಎಂಟು ತಂಡ. ಹೈದರಾಬಾದ್ ಇತ್ತು, ತಮಿಳುನಾಡು ಇತ್ತು, ಬೆಂಗಳೂರು ಇರಲಿಲ್ಲ. ಇಷ್ಟೊಂದು ಒಲಿಂಪಿಯನ್‌ಗಳನ್ನು ಕೊಟ್ಟ ರಾಜ್ಯಕ್ಕೆ ಒಂದು ತಂಡ ಇಲ್ಲ ಅಂತ ಎಲ್ಲರಿಗೂ ಬೇಜಾರು. ನನಗೂ ಬೇಜಾರೇ. ಆದರೆ ನಾಳೆ ಯಾರೋ ಬಂದು ಬೆಂಗಳೂರು ಹೆಸರಲ್ಲಿ ತಂಡ ಕೊಂಡರೆ ನಾನು ಮೊದಲು ನೋಡುವುದು ಹರಾಜಿನ ಪಟ್ಟಿಯನ್ನಲ್ಲ. ಜೂನ್ ತಿಂಗಳಲ್ಲಿ, ಲೀಗ್ ಇಲ್ಲದ ಹೊತ್ತಲ್ಲಿ, ಆ ತಂಡದ ಆಫೀಸ್ ತೆರೆದಿರುತ್ತದಾ ಅಂತ.

ಹೋದ ವರ್ಷ ಪೊನ್ನಂಪೇಟೆ ಕಡೆಯ ಹುಡುಗನೊಬ್ಬ ಬಂದಿದ್ದ. ಹೊಸದೊಂದು ಲೀಗ್, ಹೊಸದೊಂದು ತಂಡ, ಮೊಬೈಲ್‌ನಲ್ಲಿ ನಾಲ್ಕು ಪುಟದ ಒಪ್ಪಂದ. ನಾನು ಅವನನ್ನು ಪೂವಯ್ಯನವರ ಹತ್ತಿರ ಕಳಿಸಿದೆ. ಅವರು ಓದಲು ಕನ್ನಡಕ ತೆಗೆದುಕೊಂಡರಂತೆ, ಆದರೆ ಮೊಬೈಲ್ ಕೈಗೆ ತೆಗೆದುಕೊಳ್ಳಲಿಲ್ಲ.

"ಇದರಲ್ಲಿ ಅಡ್ರೆಸ್ ಎಲ್ಲಿದೆ ತೋರ್ಸು," ಅಂದರಂತೆ.

ಹುಡುಗ ಹುಡುಕಿದ. ಒಂದು ಇಮೇಲ್ ಐಡಿ ಇತ್ತು.

"ನಾಳೆ ನೀನು ಬೆಂಗಳೂರಿಗೆ ಹೋಗ್ತೀಯಲ್ಲ, ಇವರ ಆಫೀಸಿಗೆ ಹೋಗಿ ಒಂದು ಟೀ ಕುಡ್ಕೊಂಡು ಬಾ. ಆಮೇಲೆ ನಾನು ಓದ್ತೀನಿ."

ಹುಡುಗ ಹೋಗಿ ಬಂದಿದ್ದಾನೆ. ಕೇಳಿದ ಮೇಲೆ ಅವರು ಕೊಟ್ಟ ವಿಳಾಸದಲ್ಲಿ ನಾಲ್ಕು ಕಂಪನಿಗಳ ಬೋರ್ಡ್ ಇದ್ದ ಒಂದು ಕೋಣೆ ಸಿಕ್ಕಿತಂತೆ, ಟೀ ಸಿಗಲಿಲ್ಲವಂತೆ. ಆದರೂ ಸಹಿ ಹಾಕಿದ್ದಾನೆ. ಅರ್ಧ ದುಡ್ಡು ಮುಂಗಡ ತೆಗೆದುಕೊಂಡು, ಗಾಯದ ಇನ್ಶೂರೆನ್ಸ್ ಬರೆಸಿಕೊಂಡು. ಅದೇ ವಾರ ರೈಲ್ವೆ ಟ್ರಯಲ್ಸ್‌ಗೂ ಹೋಗಿ ಬಂದ.